ಖಾಕಿ ಅಂಗಿ, ಕುತ್ತಿಗೆಗೆ ಸ್ಕಾರ್ಫ್: ಈ ಸಮವಸ್ತ್ರ ಯಾರದ್ದು?

ಇವತ್ತಿನ ಮಾತು ಸ್ಕೌಟ್ಸ್ ಬಗ್ಗೆ. ನಮ್ಮಲ್ಲಿ ಬಹಳ ಜನಕ್ಕೆ ಸ್ಕೌಟ್ಸ್ ಅಂದ್ರೆ ಸ್ವಾತಂತ್ರ್ಯ ದಿನದ ಪರೇಡು, ಮೂರು ಬೆರಳಿನ ಸೆಲ್ಯೂಟು, ಎಡಗೈ ಕುಲುಕೋದು, ಅಷ್ಟೇ. ಆದರೆ ಇದರ ಇತಿಹಾಸ ಓದ್ತಾ ಹೋದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡು ಪ್ರಶ್ನೆ. ಆ ಬಟ್ಟೆ ತೊಡುವ ಹಕ್ಕು ಯಾರಿಗಿತ್ತು? ಆ ಮಕ್ಕಳ ಜೊತೆ ಸಂಬಳವಿಲ್ಲದೆ ನಿಂತ ದೊಡ್ಡವರು ಯಾರು?

ಮೊದಲಿನಿಂದ ಬರೋಣ. ರಾಬರ್ಟ್ ಬೇಡನ್ ಪೊವೆಲ್ ಬ್ರಿಟಿಷ್ ಸೇನಾಧಿಕಾರಿ. ದಕ್ಷಿಣ ಆಫ್ರಿಕಾದ ಮಾಫೆಕಿಂಗ್ ಪಟ್ಟಣಕ್ಕೆ 1899ರಲ್ಲಿ ಮುತ್ತಿಗೆ ಬಿತ್ತು, 217 ದಿನ ನಡೀತು. ಅಲ್ಲಿ ಸುದ್ದಿ ಮುಟ್ಟಿಸುವ ಕೆಲಸವನ್ನು ಹುಡುಗರೇ ಮಾಡಿದರು. 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಅವರು ಸುಮಾರು 20 ಹುಡುಗರ ಶಿಬಿರ ಮಾಡಿದರು. ಶ್ರೀಮಂತರ ಶಾಲೆಯ ಹುಡುಗರು, ಕೂಲಿಕಾರರ ಮನೆ ಹುಡುಗರು ಒಂದೇ ಗುಡಾರದ ಬದುಕಿಗೆ ಬಂದರು. ಆಗ ಇನ್ನೂ ಸಮವಸ್ತ್ರ ಅಂತ ಇರಲಿಲ್ಲ. ಯಾವ ತಂಡ ಅಂತ ಗೊತ್ತಾಗೋಕೆ ಭುಜದ ಮೇಲೆ ಬಣ್ಣದ ಉಣ್ಣೆಯ ಗಂಟು, ಅಷ್ಟೇ.

1908ರಲ್ಲಿ ಅವರ ಪುಸ್ತಕ ಕಂತು ಕಂತಾಗಿ ಬಂತು. ಅದನ್ನ ಓದಿದ ಹುಡುಗರು ಎಷ್ಟೋ ಕಡೆ ತಾವೇ ತಂಡ ಕಟ್ಟಿಕೊಂಡು, ಆಮೇಲೆ ದೊಡ್ಡವರೊಬ್ಬರನ್ನು ಹುಡುಕಿಕೊಂಡು ಹೋದರು: "ನಮಗೆ ಸ್ಕೌಟ್ ಮಾಸ್ಟರ್ ಆಗ್ತೀರಾ?" ಅಂತ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಇದೊಂದು ಓಪನ್ ಸೋರ್ಸ್ ಪ್ರಾಜೆಕ್ಟು. ಕೋಡ್ ಮೊದಲು ಬಂತು, ನೋಡಿಕೊಳ್ಳುವವರು ಆಮೇಲೆ ಬಂದರು. ಆ ದೊಡ್ಡವರಿಗೆ ಸಂಬಳ ಇರಲಿಲ್ಲ. ಅವರಿಗೂ ತರಬೇತಿ ಬೇಕಲ್ಲ? 1919ರಲ್ಲಿ ಲಂಡನ್ ಹತ್ತಿರದ ಗಿಲ್‌ವೆಲ್ ಪಾರ್ಕ್‌ನಲ್ಲಿ ಅದಕ್ಕೆಂದೇ ಕೋರ್ಸ್ ಶುರುವಾಯ್ತು. ಮುಗಿಸಿದವರಿಗೆ ಕೊಡುತ್ತಿದ್ದದ್ದು ಕೊರಳಿಗೆ ಎರಡು ಮರದ ಮಣಿ. ಅದಕ್ಕೇ ಆ ಕೋರ್ಸಿಗೆ ವುಡ್ ಬ್ಯಾಡ್ಜ್ ಅಂತ ಹೆಸರು.

ಸಮವಸ್ತ್ರದ ಹಿಂದಿನ ಯೋಚನೆ ಸರಳ. ಎಲ್ಲರೂ ಒಂದೇ ಬಟ್ಟೆ ಹಾಕಿದರೆ ಯಾರ ಅಪ್ಪ ಏನು ಅನ್ನೋದು ಕಾಣಲ್ಲ. ಸ್ಕಾರ್ಫ್ ಬಿಚ್ಚಿದರೆ ಗಾಯಕ್ಕೆ ತ್ರಿಕೋನ ಬ್ಯಾಂಡೇಜು. ಎರಡು ಕೋಲಿಗೆ ಅಂಗಿ ತೂರಿಸಿದರೆ ಸ್ಟ್ರೆಚರು. ದೊಡ್ಡವರೂ ಅದೇ ಬಟ್ಟೆ ಹಾಕಬೇಕಿತ್ತು. ಬೇಡನ್ ಪೊವೆಲ್ ವಯಸ್ಸಾದ ಮೇಲೂ ಚಡ್ಡಿ ಹಾಕಿಕೊಂಡೇ ಹುಡುಗರ ಮುಂದೆ ನಿಲ್ಲುತ್ತಿದ್ದರು. ಸ್ಕೌಟ್ ಮಾಸ್ಟರ್ ಅಂದ್ರೆ ಮೇಷ್ಟ್ರೂ ಅಲ್ಲ, ಸೇನಾಧಿಕಾರಿಯೂ ಅಲ್ಲ, ಅಣ್ಣನ ಹಾಗಿರಬೇಕು ಅನ್ನೋದು ಅವರ ಮಾತಿನ ಸಾರ.

ಕೇಳೋಕೆ ಚೆನ್ನಾಗಿದೆ, ಅಲ್ವಾ? ಈಗ ನಮ್ಮ ನೆಲಕ್ಕೆ ಬನ್ನಿ.

ಭಾರತದಲ್ಲಿ ಸ್ಕೌಟಿಂಗ್ ಶುರುವಾಗಿದ್ದು ನಮ್ಮ ಬೆಂಗಳೂರಿನಲ್ಲೇ. 1909ರಲ್ಲಿ ಕ್ಯಾಪ್ಟನ್ ಟಿ. ಎಚ್. ಬೇಕರ್ ಬಿಷಪ್ ಕಾಟನ್ ಶಾಲೆಯಲ್ಲಿ ಮೊದಲ ತಂಡ ಕಟ್ಟಿದರು. ಆಮೇಲೆ ಪುಣೆಯ ಖಡ್ಕಿ, ಮದ್ರಾಸು, ಶಿಮ್ಲಾ, ಜಬಲ್ಪುರ. ಆದರೆ ಸೇರುವ ಅವಕಾಶ ಇದ್ದದ್ದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ. ಭಾರತೀಯ ಹುಡುಗರಿಗೆ ದಿಕ್ಕು ಹುಡುಕೋದು, ಗುಟ್ಟಾಗಿ ಸಂದೇಶ ಮುಟ್ಟಿಸೋದು ಕಲಿಸಿದರೆ ನಾಳೆ ಕ್ರಾಂತಿಕಾರಿಗಳಾದಾರು ಅನ್ನೋ ಭಯ ಸರ್ಕಾರಕ್ಕೆ. ಇದರಲ್ಲೊಂದು ವಿಚಿತ್ರ ಇದೆ ನೋಡಿ. ಖಾಕಿ ಅನ್ನೋ ಪದವೇ ನಮ್ಮ ಕಡೆಯದು. ಖಾಕ್ ಅಂದ್ರೆ ಧೂಳು. 1840ರ ದಶಕದಲ್ಲಿ ಪೇಶಾವರದ ಕಡೆಯ ಗೈಡ್ಸ್ ಪಡೆ ಆ ಬಣ್ಣ ತೊಟ್ಟಿತು, ಅಲ್ಲಿಂದ ಅದು ಲೋಕಕ್ಕೆಲ್ಲ ಹೋಯ್ತು. ಬಣ್ಣ ನಮ್ಮ ಮಣ್ಣಿನದು, ತೊಡುವ ಹಕ್ಕು ಮಾತ್ರ ನಮಗಿಲ್ಲ. ವರ್ಗಭೇದ ಮುಚ್ಚೋಕೆ ಅಂತ ಬಂದ ಬಟ್ಟೆ ಇಲ್ಲಿ ಜನಾಂಗಭೇದ ತೋರಿಸೋ ಬಟ್ಟೆ ಆಯ್ತು.

ನಮ್ಮವರು ಅರ್ಜಿ ಹಿಡಿದು ಕಾಯುತ್ತಾ ಕೂರಲಿಲ್ಲ. 1916ರಲ್ಲಿ ಮದ್ರಾಸಿನಲ್ಲಿ ಆನಿ ಬೆಸೆಂಟ್, ಜಾರ್ಜ್ ಅರುಂಡೇಲ್ ಜೊತೆಗೂಡಿ ಭಾರತೀಯ ಮಕ್ಕಳಿಗಾಗಿಯೇ ಸಂಘ ಕಟ್ಟಿದರು. ಹ್ಯಾಟಿನ ಜಾಗಕ್ಕೆ ಪೇಟ ಬಂತು, ಭಾರತೀಯ ಹಾಡುಗಳು ಬಂದವು. 1918ರಲ್ಲಿ ಅಲಹಾಬಾದಿನಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಸೇವಾ ಸಮಿತಿ ಸ್ಕೌಟ್ ಸಂಘ ಶುರು ಮಾಡಿದರು. 1921ರಲ್ಲಿ ಬೇಡನ್ ಪೊವೆಲ್ ಭಾರತಕ್ಕೆ ಬಂದಾಗ ಬೆಸೆಂಟ್ ಸಂಘ ಮೂಲ ಸಂಘದಲ್ಲಿ ಸೇರಿತು. ಸೇವಾ ಸಮಿತಿ ಸೇರಲಿಲ್ಲ. ಕಾರಣ ಬಟ್ಟೆಯಲ್ಲ, ಪ್ರತಿಜ್ಞೆ. ಅದರಲ್ಲಿ ಬ್ರಿಟನ್ ರಾಜನಿಗೆ ನಿಷ್ಠೆ ಅಂತ ಇತ್ತು.

1937ರಲ್ಲಿ ದೆಹಲಿಯಲ್ಲಿ ಅಖಿಲ ಭಾರತ ಜಾಂಬೂರಿ ನಡೀತು. ಆಗ ಬೇಡನ್ ಪೊವೆಲ್ ಭಾರತೀಯರ ಬಗ್ಗೆ ಆಡಿದ ಮಾತು ಬಹಳ ಜನರಿಗೆ ಅವಮಾನ ಅನ್ನಿಸ್ತು. ಅನೇಕರು ರಾಜೀನಾಮೆ ಕೊಟ್ಟರು. ಮರುವರ್ಷ ಹಿಂದೂಸ್ತಾನ್ ಸ್ಕೌಟ್ ಸಂಘ ಹುಟ್ಟಿತು. ಸ್ವಾತಂತ್ರ್ಯದ ನಂತರ, 1950ರ ನವೆಂಬರ್ 7ರಂದು ಸ್ಕೌಟ್ ಸಂಘಗಳು ಒಂದಾಗಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯ್ತು. ಪ್ರತಿಜ್ಞೆಯಲ್ಲಿ ರಾಜ ಹೋಗಿ ದೇಶ ಬಂತು. ಮುಂದೆ ಬಟ್ಟೆಯೂ ಬದಲಾಯ್ತು. ಇವತ್ತು ಸ್ಕೌಟ್ ಹುಡುಗರದು ಬೂದು ಅಂಗಿ, ಕಡುನೀಲಿ ಪ್ಯಾಂಟು. ಕರ್ನಾಟಕದಲ್ಲಿ ಈ ಕೆಲಸ ಹೊತ್ತವರಲ್ಲಿ ದೊಡ್ಡ ಹೆಸರು ಕೊಂಡಜ್ಜಿ ಬಸಪ್ಪನವರದು. ಬೆಂಗಳೂರಿನ ಪ್ಯಾಲೇಸ್ ರಸ್ತೆಯ ಸ್ಕೌಟ್ ಭವನದ ಸಭಾಂಗಣಕ್ಕೆ ಅವರ ಹೆಸರೇ ಇದೆ. ದೊಡ್ಡಬಳ್ಳಾಪುರದ ತರಬೇತಿ ಕೇಂದ್ರಕ್ಕೆ ಆನಿ ಬೆಸೆಂಟ್ ಹೆಸರು.

ಈ ಕಥೆಗೆ ಕತ್ತಲೆಯ ಮುಖವೂ ಇದೆ. ಸಮವಸ್ತ್ರ ನೋಡಿದ ಕೂಡಲೇ ಅಪ್ಪ ಅಮ್ಮ ನಂಬ್ತಾರೆ. ಆ ನಂಬಿಕೆಯನ್ನು ದುರುಪಯೋಗ ಮಾಡಿಕೊಂಡವರೂ ಇದ್ದರು. ಅಮೆರಿಕದ ಸ್ಕೌಟ್ ಸಂಸ್ಥೆ 2020ರಲ್ಲಿ ದಿವಾಳಿ ಅರ್ಜಿ ಹಾಕಿತು. ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯ ಆಯ್ತು ಅಂತ 82 ಸಾವಿರಕ್ಕೂ ಹೆಚ್ಚು ಜನ ಮುಂದೆ ಬಂದರು. ಮಕ್ಕಳ ಜೊತೆ ಕನಿಷ್ಠ ಇಬ್ಬರು ದೊಡ್ಡವರು ಇರಬೇಕು ಅನ್ನೋ ನಿಯಮ ಅಲ್ಲಿ 1980ರ ದಶಕದಲ್ಲೇ ಇತ್ತು. ಅಂದರೆ ಬಟ್ಟೆ ಯಾರ ಗುಣಕ್ಕೂ ಸರ್ಟಿಫಿಕೇಟ್ ಅಲ್ಲ, ಕಾಗದದ ಮೇಲಿನ ನಿಯಮವೂ ಸಾಲದು. ಕಣ್ಣಿಟ್ಟು ನೋಡುವ ಜನ ಬೇಕು.

ಇದು ನಮಗ್ಯಾಕೆ? ನಾವು ಪುಣೆ, ಹೈದರಾಬಾದು, ಚೆನ್ನೈ, ದೆಹಲಿಗೆ ಕೆಲಸಕ್ಕೆ ಬಂದವರು. ನಮ್ಮ ಮಕ್ಕಳ ಪಕ್ಕದಲ್ಲಿ ಸೋದರಮಾವ ಇಲ್ಲ, ಚಿಕ್ಕಪ್ಪ ಇಲ್ಲ, ಎದುರುಮನೆ ಅಜ್ಜ ಇಲ್ಲ. ಅಪ್ಪ ಅಮ್ಮ ಬಿಟ್ಟರೆ ಅವರಿಗೆ ಸಿಗೋ ದೊಡ್ಡವರೆಲ್ಲ ಫೀಸ್ ತಗೊಳ್ಳೋರೇ: ಟ್ಯೂಷನ್, ಈಜು, ಕೀಬೋರ್ಡ್, ಕೋಡಿಂಗ್. ಅವರು ಕೆಟ್ಟವರಲ್ಲ. ಆದರೆ "ಇವರು ನನಗೋಸ್ಕರ ಸುಮ್ಮನೆ ಬಂದಿದ್ದಾರೆ" ಅಂತ ಮಗು ಯಾರನ್ನ ತೋರಿಸಿ ಹೇಳಬೇಕು? ಸ್ಕೌಟಿಂಗ್ ಇಷ್ಟು ವರ್ಷ ಉಳಿದಿದ್ದು ಆ ಒಂದು ಜಾಗ ತುಂಬಿದ್ದಕ್ಕೇ ಅಂತ ನನಗನ್ನಿಸುತ್ತೆ. ನಮ್ಮಲ್ಲಿ ಆ ಭಾರ ಹೊತ್ತವರು ಹೆಚ್ಚಾಗಿ ಶಾಲಾ ಶಿಕ್ಷಕರು, ಪಾಠ ಮುಗಿದ ಮೇಲೆ.

ಶಾಲೆಗೆ ಸೇರದ ಓಪನ್ ತಂಡಗಳೂ ಇವೆ, ಅಲ್ಲಿ ಯಾವ ಉದ್ಯೋಗದವರಾದರೂ ತರಬೇತಿ ಪಡೆದು ನಾಯಕರಾಗಬಹುದು. ಒಂದು ಕಾಲಕ್ಕೆ ಈ ಬಟ್ಟೆ ತೊಡೋಕೆ ನಮ್ಮವರು ಬೇರೆ ಸಂಘವನ್ನೇ ಕಟ್ಟಬೇಕಾಯ್ತು. ಇವತ್ತು ನಮ್ಮನ್ನ ಯಾರೂ ತಡೀತಾ ಇಲ್ಲ. ಕೇಳ್ತಿರೋದು ವಾರಕ್ಕೆ ಒಂದು ಭಾನುವಾರದ ಬೆಳಗ್ಗೆ.