ಭಟ್ಕಳದಿಂದ ಕುಮಟೆಗೆ, ಬಗ್ಗಿ ಕೂತು

ಆರು ವರ್ಷದಿಂದ ನನ್ನ ಹತ್ತಿರ ಇರೋದು ಹಿಮಾಲಯನ್. 411 ಸಿಸಿ ಎಂಜಿನ್, ಮುಂದೆ 21 ಇಂಚಿನ ದೊಡ್ಡ ಚಕ್ರ, ನೆಟ್ಟಗೆ ಕೂತು ಬೇಲಿಯಾಚೆಯ ಗದ್ದೆ ನೋಡಿಕೊಂಡು ಹೋಗಬಹುದಾದ ಬೈಕು. ಬೆಂಗಳೂರಿನಿಂದ ಊರಿಗೆ ಬರುವಾಗ ಮೂರು ಕಡೆ ಚಾ ಕುಡಿದು, ಗೇರುಸೊಪ್ಪೆ ಘಟ್ಟದಲ್ಲಿ ಒಮ್ಮೆ ನಿಂತು, ಕತ್ತಲಾಗುವುದರೊಳಗೆ ಮನೆ ಸೇರುವ ಜಾತಿಯವನು ನಾನು. ಸ್ಪೋರ್ಟ್ಸ್ ಬೈಕ್ ಓಡಿಸುವವರನ್ನು ಕಂಡರೆ ಸ್ವಲ್ಪ ಅಸಡ್ಡೆಯೂ ಇತ್ತು. ಸಿಗ್ನಲ್‌ನಲ್ಲಿ ಪಕ್ಕಕ್ಕೆ ಬಂದು ಸುಮ್ಮನೆ ಗುರ್ ಅನ್ನಿಸುತ್ತಾರಲ್ಲ, ಅವರು.

ಕಳೆದ ಜನವರಿಯಲ್ಲಿ ಊರಿಗೆ ಹೋದಾಗ, ಬೆಂಗಳೂರಿನ ನನ್ನ ಟೀಮಿನವನೇ ಆದ ಭಟ್ಕಳದ ಗೆಳೆಯ ಫೋನ್ ಮಾಡಿದ. ಅವನೂ ರಜೆಗೆ ಬಂದಿದ್ದ, ಜೊತೆಗೆ ಅವನ ಅಪಾಚೆ ಆರ್‌ಆರ್ 310 ಕೂಡ. "ಕುಮಟೆವರೆಗೆ ನೀ ನಂದು ತಗೊ, ನಾ ನಿಂದು ತಗೊಂಡು ಹಿಂದೆ ಬರ್ತೆ. ಆಮೇಲೆ ಬೇಕಾದ್ರೆ ಬಯ್ಯಿ" ಅಂದ. ಸುಮಾರು ಅರವತ್ತು ಕಿಲೋಮೀಟರ್ ದಾರಿ. ಬೆಳಿಗ್ಗೆ ಆರಕ್ಕೆ ಅವನ ಮನೆಯಲ್ಲಿದ್ದೆ.

ಕೂತ ಕೂಡಲೇ ಗೊತ್ತಾಗಿದ್ದು, ಇದು ಕೂರುವ ವಾಹನವೇ ಅಲ್ಲ ಅಂತ. ಹ್ಯಾಂಡಲ್ ಕೆಳಗೆ, ಫುಟ್‌ರೆಸ್ಟ್ ಹಿಂದೆ, ಹೊಟ್ಟೆ ಟ್ಯಾಂಕಿಗೆ ತಾಗಿಕೊಂಡು. ಹಸಿ ಕಟ್ಟಿಗೆಯ ಒಲೆ ಊದಲು ಬಗ್ಗುತ್ತಾರಲ್ಲ, ಹಾಗೆ ಬಗ್ಗಬೇಕು. ಮೈಯ ಭಾರ ಮಣಿಕಟ್ಟಿನ ಮೇಲೆ. ಗೆಳೆಯ ನಗುತ್ತ, "ನಮ್ಮ ಅಜ್ಜಂದಿರು ಅರಬ್ಬಿ ಕುದುರೆ ತಂದು ಮಾರಿದವರು, ನಿಮ್ಮವರಿಗೆ ಹತ್ತೋಕೆ ಬರ್ತಿರಲಿಲ್ಲ" ಅಂದ. ಅವನು ನವಾಯತ, ಈ ತಮಾಷೆ ಮಾಡುವ ಹಕ್ಕು ಅವನಿಗಿದೆ.

ತಮಾಷೆಯಲ್ಲಿ ನಿಜವೂ ಇದೆ. ಭಟ್ಕಳ ವಿಜಯನಗರದವರಿಗೆ ದೊಡ್ಡ ಬಂದರು, ಹೊರ್ಮುಜ್ ಕಡೆಯ ಕುದುರೆಗಳು ಬಂದಿಳಿಯುತ್ತಿದ್ದ ಜಾಗಗಳಲ್ಲಿ ಒಂದು. ಫೆರ್ನಾವೊ ನೂನಿಜ್ ಎಂಬ ಪೋರ್ಚುಗೀಸನು ವಿಜಯನಗರದ ಬಗ್ಗೆ ಬರೆದಿಟ್ಟಿದ್ದರಲ್ಲಿ, ರಾಜ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ ಎಂಬ ಲೆಕ್ಕ ಬರುತ್ತದೆ. ಸಾಳುವ ನರಸಿಂಹನಂತೂ ಸಮುದ್ರದ ಮೇಲೆ ಸತ್ತುಹೋದ ಕುದುರೆಗೂ ದುಡ್ಡು ಕೊಡುತ್ತಿದ್ದನಂತೆ, ಬಾಲ ತಂದು ತೋರಿಸಿದರೆ ಸಾಕು. ಇಷ್ಟೆಲ್ಲ ವೇಗ ನಮ್ಮ ದಡದಲ್ಲಿ ಇಳಿಯಿತು, ಇಳಿದದ್ದೇ ಘಟ್ಟ ಹತ್ತಿ ಹೋಯಿತು. ಇಲ್ಲಿ ಅದಕ್ಕೆ ಓಡಲು ನೆಲ ಎಲ್ಲಿತ್ತು? ಒಂದು ಕಡೆ ಗುಡ್ಡ, ಒಂದು ಕಡೆ ಸಮುದ್ರ, ನಡುವೆ ಗದ್ದೆ, ನಾಲ್ಕು ಹೆಜ್ಜೆಗೊಂದು ಹೊಳೆ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಇದೇ ಕರಾವಳಿಯಲ್ಲಿ ಉತ್ತರಕ್ಕೆ ಬಂದ. ಒಂದೊಂದು ಊರಿನಲ್ಲಿ ತಂಗುತ್ತ, ಹೊಳೆಗಳನ್ನು ದೋಣಿಯಲ್ಲಿ ದಾಟುತ್ತ ಬಂದ ಅವನಿಗೆ ನಮ್ಮ ಈ ಮೂರು ತಾಲೂಕು ಮುಗಿಸಲು ದಿನಗಳೇ ಬೇಕಾದವು.

ನನಗೆ ಶಿರಾಲಿ ಬರಲು ಹಾಡೊಂದು ಮುಗಿಯುವಷ್ಟೂ ಹೊತ್ತು ಹಿಡಿಯಲಿಲ್ಲ. ಸ್ಪೀಡೋಮೀಟರಿನ ಅಂಕಿ ಇಲ್ಲಿ ಬರೆಯುವುದಿಲ್ಲ, ಆಯಿ ಓದುತ್ತಾಳೆ.

ಮುರ್ಡೇಶ್ವರದ ಕ್ರಾಸ್ ದಾಟುವ ಹೊತ್ತಿಗೆ ಮೊದಲಿನ ಹೆದರಿಕೆ ಹೋಗಿ ಬೇರೇನೋ ಶುರುವಾಗಿತ್ತು. ನನ್ನ ಬೈಕಿನಲ್ಲಿ ತಿರುವು ಬಂದರೆ ಹ್ಯಾಂಡಲ್ ಜೊತೆ ಮಾತುಕತೆ ಮಾಡಿ ಒಪ್ಪಿಸಬೇಕು. ಇದು ಹಾಗಲ್ಲ, ನೋಡಿದ ಕಡೆಗೆ ಹೋಗುತ್ತದೆ. ಎರಡೂ ಚಕ್ರ 17 ಇಂಚು, ತೂಕ ಕಡಿಮೆ, ಚಾಸಿ ಗಟ್ಟಿ. ಆದರೆ ನನಗೆ ನಿಜವಾಗಿ ಆಶ್ಚರ್ಯವಾಗಿದ್ದು ಎಕ್ಸಲರೇಟರ್ ತಿರುಗಿಸಿದಾಗ ಅಲ್ಲ. ಮಂಕಿಯ ಹತ್ತಿರ ಒಂದು ದನ ಡಿವೈಡರ್ ಇಳಿದು ಬಂತು, ಎರಡು ಬೆರಳಲ್ಲಿ ಮುಂದಿನ ಬ್ರೇಕ್ ಹಿಡಿದೆ, ಅಷ್ಟೇ. ಬೈಕು ನೆಲಕ್ಕೆ ಉಗುರು ಊರಿದ ಹಾಗೆ ನಿಂತಿತು. ದನಕ್ಕೆ ನಾನು ಬಂದದ್ದೂ ಗೊತ್ತಾಗಲಿಲ್ಲ.

ಮುಂದಿನ ಬ್ರೇಕ್! ನಮ್ಮ ಮನೆಯಲ್ಲಿ ಅದು ಮುಟ್ಟಬಾರದ ವಸ್ತು. ಅಪ್ಪನ ಹತ್ತಿರ ಸೆಕೆಂಡ್ ಹ್ಯಾಂಡ್ ಯೆಜ್ಡಿ ಇತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಅದರ ಮೇಲೆ ಕೂರಿಸಿ ಮೊದಲು ಕಲಿಸಿದ ಪಾಠವೇ ಇದು: ಮುಂದಿನ ಬ್ರೇಕ್ ಹಿಡಿದರೆ ಮಗುಚಿ ಬೀಳ್ತೆ. ನಿಮ್ಮಲ್ಲೂ ಅನೇಕರು ಈ ಪಾಠ ಕೇಳಿಯೇ ಬೆಳೆದಿರುತ್ತೀರಿ. ಭೌತಶಾಸ್ತ್ರ ಹೇಳುವುದು ಉಲ್ಟಾ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಜಾರುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಹಗುರಾದ ಚಕ್ರಕ್ಕೆ ಎಷ್ಟು ಬ್ರೇಕ್ ಹಾಕಿದರೂ ಅದು ಜಾರುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಹಾಗಂತ ಅಪ್ಪ ಸುಳ್ಳು ಹೇಳಿದರು ಅನ್ನಲಾರೆ. ಜಲ್ಲಿ, ಕೆಂಪು ಮಣ್ಣು, ಮಳೆಗಾಲದ ಪಾಚಿ, ಡ್ರಮ್ ಬ್ರೇಕ್. ಅಂಥಲ್ಲಿ ಮುಂದಿನ ಚಕ್ರ ಲಾಕ್ ಆದರೆ ಹಲ್ಲು ಎಣಿಸುವುದೊಂದೇ ಕೆಲಸ. ಅವರ ರಸ್ತೆಗೆ ಅವರ ಪಾಠ ಸರಿಯಾಗಿಯೇ ಇತ್ತು. ರಸ್ತೆ ಬದಲಾಯಿತು, ಬೈಕು ಬದಲಾಯಿತು, ಪಾಠ ಮಾತ್ರ ಹಾಗೇ ಉಳಿದುಬಿಟ್ಟಿತು.

ಯೆಜ್ಡಿ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅದು ನಮ್ಮ ರಾಜ್ಯದ್ದೇ ಬೈಕು. ಫಾರೂಕ್ ಇರಾನಿ, ರುಸ್ತುಂ ಇರಾನಿ ಎಂಬ ಪಾರ್ಸಿ ಉದ್ಯಮಿಗಳು ಝೆಕೊಸ್ಲೊವಾಕಿಯಾದ ಜಾವಾ ಜೊತೆ ಒಪ್ಪಂದ ಮಾಡಿಕೊಂಡು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಲ್ಲಿ ಅಲ್ಲಿಂದ ಬೈಕು ಹೊರಬರಲು ಶುರುವಾಯಿತು. 1970ರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಿಕ್ ಹೊಡೆಯುವ ಲಿವರನ್ನೇ ಮಡಚಿದರೆ ಗೇರ್ ಲಿವರ್ ಆಗುವ ಬೈಕು ಅದು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕಿತ್ತು. ಅಪ್ಪ ಬಂಕಿನಲ್ಲಿ ನಿಂತು ಆ ಅಳತೆಯ ಬಗ್ಗೆ ವಾದ ಮಾಡುತ್ತಿದ್ದದ್ದು ಇವತ್ತಿಗೂ ಕಿವಿಯಲ್ಲಿದೆ. ಟೂರಿಂಗ್ ಬೈಕ್ ಅನ್ನೋ ಪದ ನಮಗೆ ಗೊತ್ತಿರಲಿಲ್ಲ. ಆದರೆ ಹಿಂದೆ ಆಯಿ, ಮುಂದೆ ಟ್ಯಾಂಕಿನ ಮೇಲೆ ನಾನು, ಪಕ್ಕಕ್ಕೆ ಕಟ್ಟಿದ ಬಾಳೆಗೊನೆ, ಇಡಗುಂಜಿವರೆಗೆ ಪ್ರಯಾಣ. ಅದು ಟೂರಿಂಗ್ ಅಲ್ಲದೆ ಮತ್ತೇನು?

ಈ ದೇಶಕ್ಕೆ ವೇಗ ಬಂದದ್ದು ಬೇರೆ ದಾರಿಯಲ್ಲಿ. 1983ರಲ್ಲಿ ಎಸ್ಕಾರ್ಟ್ಸ್‌ನವರು ರಾಜದೂತ್ 350 ತಂದರು. ಯಮಹಾದ ಆರ್‌ಡಿ 350ಯೇ ಅದು, ಎರಡು ಸಿಲಿಂಡರ್, ಆರು ಗೇರು. ಭಾರತಕ್ಕೆ ಬರುವಾಗ ಅದರ ಶಕ್ತಿ ಇಳಿಸಿದರು. ಇಳಿಸಿದ ಮೇಲೂ ಸುಮಾರು 30 ಬಿಎಚ್‌ಪಿ ಉಳಿಯಿತು, ಆಗಿನ ರೋಡ್‌ಕಿಂಗ್‌ನ ಹೆಚ್ಚುಕಮ್ಮಿ ಎರಡರಷ್ಟು. ಇನ್ನೊಂದನ್ನೂ ಇಳಿಸಿದರು: ಮುಂದಿನ ಡಿಸ್ಕ್ ಬ್ರೇಕ್. ಅದರ ಜಾಗಕ್ಕೆ ಡ್ರಮ್ ಬಂತು. ಆ ಕಾಲದ ಬೆಲೆ, ಬಿಡಿಭಾಗ, ಮಾರುಕಟ್ಟೆ ಎಲ್ಲ ಲೆಕ್ಕ ಹಾಕಿಯೇ ಮಾಡಿದ ತೀರ್ಮಾನ ಇರಬಹುದು. ಒಬ್ಬ ಎಂಜಿನಿಯರ್ ಆಗಿ ನನಗೆ ಮಾತ್ರ ಇದು ನಮ್ಮ ಇಡೀ ವೇಗದ ಚರಿತ್ರೆಯ ಚಿತ್ರ ಅನ್ನಿಸುತ್ತದೆ. ಓಡುವುದು ಮೊದಲು ಬಂತು, ನಿಲ್ಲುವುದು ಆಮೇಲೆ.

ಹೊರಗೆ ಹೀಗಿರಲಿಲ್ಲ. 1969ರ ಹೊಂಡಾ ಸಿಬಿ 750ರಲ್ಲೇ ಮುಂದೆ ಹೈಡ್ರಾಲಿಕ್ ಡಿಸ್ಕ್ ಇತ್ತು. 1985ರಲ್ಲಿ ಸುಜುಕಿ ಜಿಎಸ್ಎಕ್ಸ್-ಆರ್ 750 ಬಂದಾಗ, ರೇಸ್ ಬೈಕಿಗೆ ನಂಬರ್ ಪ್ಲೇಟ್ ಹಾಕಿ ರಸ್ತೆಗೆ ಬಿಟ್ಟಂತಾಯಿತು. ಈಗ ನಾವು ಸ್ಪೋರ್ಟ್ಸ್ ಬೈಕ್ ಅನ್ನುವ ಆಕಾರ ಜನರ ಮನಸ್ಸಿನಲ್ಲಿ ಕೂತಿದ್ದು ಅದರಿಂದ. ಅದೇ 1985ರಲ್ಲಿ ನಮಗೆ ಸಿಕ್ಕಿದ್ದು ಹೀರೋ ಹೊಂಡಾ ಸಿಡಿ 100 ಮತ್ತು ಯಮಹಾ ಆರ್‌ಎಕ್ಸ್ 100. ಒಂದು ಮೈಲೇಜಿಗೆ, ಒಂದು ಹುಡುಗರ ಎದೆಬಡಿತಕ್ಕೆ. ಆರ್‌ಎಕ್ಸ್‌ನ ಸದ್ದು ಕೇಳಿದರೆ ಕಾಲೇಜು ಬಾಗಿಲಲ್ಲಿ ಎಲ್ಲರೂ ತಿರುಗುತ್ತಿದ್ದರು. ಅದರಲ್ಲೂ ಡ್ರಮ್ಮೇ. 1999ರಲ್ಲಿ ಸಿಬಿಝಡ್ ಮುಂದಿನ ಡಿಸ್ಕ್‌ನೊಂದಿಗೆ ಬಂತು, 2008ರಲ್ಲಿ ಯಮಹಾ ಆರ್15 ಬಂದು ಮಧ್ಯಮ ವರ್ಗದ ಹುಡುಗರನ್ನೂ ಬಗ್ಗಿಸಿ ಕೂರಿಸಿತು. 125 ಸಿಸಿಗಿಂತ ಮೇಲಿನ ಎಲ್ಲ ಹೊಸ ಬೈಕಿಗೂ ಎಬಿಎಸ್ ಕಡ್ಡಾಯ ಆಗಿದ್ದು 2019ರ ಏಪ್ರಿಲ್‌ನಿಂದ. ರಾಜದೂತ್ 350ರಿಂದ ಲೆಕ್ಕ ಹಾಕಿದರೆ 36 ವರ್ಷ.

ಬಗ್ಗಿ ಕೂರುವುದಕ್ಕೂ ಇದಕ್ಕೂ ಸಂಬಂಧ ಇದೆ. ಗಾಳಿ ಸೀಳಲು ಬಗ್ಗುತ್ತಾರೆ ಅಂತಲೇ ನಾನು ತಿಳಿದಿದ್ದೆ. ಅದು ಅರ್ಧ. ಬಗ್ಗಿದರೆ ಸವಾರನ ಭಾರ ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಟೈರ್ ರಸ್ತೆಯನ್ನು ಕಚ್ಚಿ ಹಿಡಿಯುತ್ತದೆ, ರಸ್ತೆ ಹೇಗಿದೆ ಅನ್ನೋದು ಅಂಗೈಗೆ ಗೊತ್ತಾಗುತ್ತದೆ. ರೇಸಿನಲ್ಲಿ ಗೆಲ್ಲುವವನು ನೆಟ್ಟನೆ ದಾರಿಯಲ್ಲಿ ಜೋರಾಗಿ ಹೋಗುವವನಲ್ಲ, ತಿರುವಿನ ಮೊದಲು ಕೊನೆಯ ಗಳಿಗೆಯವರೆಗೂ ಕಾದು ಬ್ರೇಕ್ ಹಿಡಿಯಬಲ್ಲವನು. ನಾನು ಆವತ್ತು ಓಡಿಸಿದ ಬೈಕು ತಯಾರಾಗುವುದು ಹೊಸೂರಿನಲ್ಲಿ, ಗಡಿಯಾಚೆ ಹೋದರೂ ಕನ್ನಡದಲ್ಲೇ ಚಾ ಕೇಳಬಹುದಾದ ಊರು. 2017ರ ಡಿಸೆಂಬರಿನಲ್ಲಿ ಬಿಡುಗಡೆ, 312 ಸಿಸಿ, 34 ಪಿಎಸ್. ಟಿವಿಎಸ್‌ನವರ ರೇಸಿಂಗ್ ವಿಭಾಗ ಮಾತ್ರ 1982ರಿಂದ ಇದೆ. ಉಡುಪಿಯ ಕೆ.ಪಿ. ಅರವಿಂದ್ ಡಕಾರ್ ರ‍್ಯಾಲಿಗೆ ಹೋಗಿದ್ದು ಅವರ ತಂಡದಿಂದಲೇ. 2019ರಲ್ಲಿ ಅವರು ರ‍್ಯಾಲಿ ಮುಗಿಸಿದ ಸುದ್ದಿ ಬಂದಾಗ ನಮ್ಮ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಹಬ್ಬ. ಕರಾವಳಿಯವನೊಬ್ಬ ಮರಳಿನಲ್ಲಿ ಓಡಿಸಿದ್ದರಲ್ಲಿ ಆಶ್ಚರ್ಯವೇನು ಅಂತ ಯಾರೋ ಬರೆದಿದ್ದರು.

ಕಾಸರಕೋಡು ದಾಟಿ ಶರಾವತಿ ಸೇತುವೆಗೆ ಬಂದಾಗ ಬಿಸಿಲು ಬಿದ್ದಿತ್ತು. ಪೂರ್ವಕ್ಕೆ ಕೊಂಕಣ ರೈಲಿನ ಸೇತುವೆ, ಎರಡು ಕಿಲೋಮೀಟರಿಗೂ ಉದ್ದ, ಆ ಮಾರ್ಗದಲ್ಲೇ ಅತಿ ಉದ್ದದ್ದು. ಇಲ್ಲಿ ಮಾತ್ರ ವೇಗ ಇಳಿಸಿದೆ. ಹೊನ್ನಾವರಕ್ಕೆ 1340ರ ದಶಕದಲ್ಲಿ ಇಬ್ನ್ ಬತೂತ ಬಂದಿದ್ದ. ಇಲ್ಲಿನ ಸುಲ್ತಾನ ಜಮಾಲುದ್ದೀನ್ ಗೋವೆಯ ಮೇಲೆ ದಂಡೆತ್ತಿ ಹೋದಾಗ 52 ಹಡಗುಗಳಿದ್ದವಂತೆ. ಅದರಲ್ಲಿ ಎರಡಕ್ಕೆ ಹಿಂಭಾಗ ತೆರೆಯುವ ವ್ಯವಸ್ಥೆ. ಸವಾರ ಹಡಗಿನೊಳಗೇ ಕುದುರೆ ಹತ್ತಿ, ಕವಚ ತೊಟ್ಟು, ನೇರ ದಡಕ್ಕೆ ಹಾರಬಹುದಿತ್ತು. ಎಂಥಾ ಡಿಸೈನ್ ನೋಡಿ! ಆದರೆ ಆ ಕುದುರೆಗಳೂ ಓಡಿದ್ದು ಹೊನ್ನಾವರದಲ್ಲಲ್ಲ, ಗೋವೆಯ ದಡದಲ್ಲಿ. ಸೇತುವೆ ಬರುವ ಮೊದಲು ನಮ್ಮ ಅಜ್ಜ ಇದೇ ಹೊಳೆಯ ತಾರಿಗೆ ಕಾದು ಕೂತವರು. ದೋಣಿ ಆಚೆ ದಡದಲ್ಲಿದ್ದರೆ ಒಂದು ಕವಳ ಹಾಕಿ ಮುಗಿಸುವಷ್ಟು ಹೊತ್ತು ಅಂತ ಲೆಕ್ಕ. ನಮ್ಮವರ ಗಡಿಯಾರ ಅದು.

ಕರ್ಕಿ ದಾಟಿದೆ, ಹಳದೀಪುರದ ಹತ್ತಿರ ಬಂದೆ. ನನ್ನ ಊರು ಅಲ್ಲೇ ಪಕ್ಕ. ಚತುಷ್ಪಥ, ಖಾಲಿ ರಸ್ತೆ, ಕೈ ತಾನಾಗಿಯೇ ತಿರುಗಿತು. ದೂರದಲ್ಲಿ ಡಿವೈಡರಿನ ತೆರಪಿನಲ್ಲಿ ಒಬ್ಬಳು ಅಜ್ಜಿ, ತಲೆಯ ಮೇಲೆ ದರಕಿನ ಹೊರೆ. ನನ್ನ ಕಡೆ ನೋಡಿದಳು, ಲೆಕ್ಕ ಹಾಕಿದಳು, ರಸ್ತೆಗಿಳಿದಳು.

ಅವಳ ಲೆಕ್ಕ ತಪ್ಪಿರಲಿಲ್ಲ. ಅಷ್ಟು ದೂರದಲ್ಲಿರುವ ವಾಹನ ಹತ್ತಿರ ಬರುವುದರೊಳಗೆ ಇಷ್ಟು ಹೆಜ್ಜೆ ದಾಟಬಹುದು ಅಂತ ಜೀವಮಾನವಿಡೀ ಹಳೆಯ ಹೆದ್ದಾರಿ 17 ದಾಟಿ ಕಲಿತ ಲೆಕ್ಕ ಅದು. ಸರ್ಕಾರಿ ಬಸ್ಸಿನ ಲೆಕ್ಕ, ಮೀನು ಲಾರಿಯ ಲೆಕ್ಕ, ಅಪ್ಪನ ಯೆಜ್ಡಿಯ ಲೆಕ್ಕ. ಹೆದ್ದಾರಿಗೆ 66 ಅಂತ ಹೊಸ ನಂಬರ್ ಬಂತು, ಎರಡರಷ್ಟು ಅಗಲ ಆಯಿತು, ಅವಳ ಕಣ್ಣಿಗೆ ಯಾರೂ ಹೊಸ ಲೆಕ್ಕ ಕಲಿಸಲಿಲ್ಲ. ತಪ್ಪು ಇದ್ದದ್ದು ನನ್ನ ಬಲಗೈಯಲ್ಲಿ.

ಎರಡೂ ಬ್ರೇಕ್ ಹಿಡಿದೆ. ಲಿವರ್ ಬೆರಳಿನಡಿಯಲ್ಲಿ ಟಕಟಕ ನಡುಗಿತು, ಎಬಿಎಸ್ ಕೆಲಸ ಮಾಡುತ್ತಿತ್ತು. ಹಿಂದಿನ ಚಕ್ರ ಸ್ವಲ್ಪ ಹಗುರಾದ ಹಾಗನಿಸಿತು. ಅಜ್ಜಿಗಿಂತ ಒಂದು ಎತ್ತಿನಗಾಡಿಯಷ್ಟು ಈಚೆಗೆ ಬೈಕು ನಿಂತಿತು. ಅವಳು ಹೊರೆ ಅಲುಗದಂತೆ ಮೈಯೆಲ್ಲ ತಿರುಗಿಸಿ ನನ್ನನ್ನು ನೋಡಿ, "ಎಂತ ಮಾರಾಯ" ಅಂದಳು. ಬೈಗುಳವೂ ಅಲ್ಲ, ಪ್ರಶ್ನೆಯೂ ಅಲ್ಲ. ಹಾಗೇ ದಾಟಿ ಹೋದಳು. ನನ್ನ ಕಾಲು ನೆಲದ ಮೇಲಿತ್ತು, ಆದರೆ ನಡುಗುತ್ತಿತ್ತು. ಆಯಿ ದಿನಾ ಹಾಲು ಕೊಡಲು ಇದೇ ರಸ್ತೆ ದಾಟುತ್ತಾಳೆ.

ಅಲ್ಲಿಂದ ಧಾರೇಶ್ವರ, ಕುಮಟೆ. ಆ ದಾರಿಯಲ್ಲಿ ನನ್ನನ್ನು ಒಂದು ಟೆಂಪೊ ಕೂಡ ಓವರ್‌ಟೇಕ್ ಮಾಡಿತು.

ಕುಮಟೆಯಲ್ಲಿ ಚಾ ಅಂಗಡಿಯೆದುರು ನಿಲ್ಲಿಸಿ ಕಾದೆ. 19ನೆಯ ಶತಮಾನದಲ್ಲಿ ವಿಲಾಯಿತಿಯ ಮಾರುಕಟ್ಟೆಯಲ್ಲಿ ಕುಮಟಾ ಹತ್ತಿ ಅಂತಲೇ ಒಂದು ತಳಿ ಹೆಸರಾಗಿತ್ತು. ಕುಮಟೆಯಲ್ಲಿ ಒಂದು ಹತ್ತಿ ಗಿಡವೂ ಇರಲಿಲ್ಲ ಅನ್ನಿ. ಬೆಳೆದದ್ದು ಧಾರವಾಡದ ಕಡೆ, ಘಟ್ಟ ಇಳಿದು ಬಂದು ಹಡಗು ಹತ್ತಿದ್ದು ಇಲ್ಲಿ. ಮಾರ್ಮಗೋವಾಕ್ಕೆ ರೈಲಾದ ಮೇಲೆ ಹತ್ತಿ ಆ ಕಡೆ ತಿರುಗಿತು, ಕುಮಟೆಗೆ ಹೆಸರು ಮಾತ್ರ ಉಳಿಯಿತು. ಕುದುರೆ ನಮ್ಮಲ್ಲಿ ಇಳಿದು ಹೋಯಿತು, ಹತ್ತಿ ನಮ್ಮಲ್ಲಿ ಹತ್ತಿ ಹೋಯಿತು. ಈಗ ಮಂಗಳೂರು-ಗೋವಾ ಕಾರುಗಳು ಹಳದೀಪುರ ಅಂತ ಬೋರ್ಡ್ ಓದುವುದರೊಳಗೆ ಹಳದೀಪುರ ದಾಟಿರುತ್ತವೆ. ಆವತ್ತು ಬೆಳಿಗ್ಗೆ ನಾನೂ ಅವರಲ್ಲೊಬ್ಬ, ಸ್ವಂತ ಊರಿನಲ್ಲಿ.

ಇಪ್ಪತ್ತು ನಿಮಿಷ ಬಿಟ್ಟು ಗೆಳೆಯ ಬಂದ. ಹೊನ್ನಾವರದಲ್ಲಿ ನಿಂತು ಬನ್ಸ್ ಕಟ್ಟಿಸಿಕೊಂಡಿದ್ದ. ನನ್ನ ಬೈಕಿನ ಕ್ಯಾರಿಯರ್ ಅವನಿಗೆ ಬಹಳ ಇಷ್ಟವಾಗಿತ್ತು. "ಹೆಂಗಿತ್ತು?" ಅಂದ.

"ಒಳ್ಳೆ ನಿಲ್ತದೆ" ಅಂದೆ.

ಅವನು ನಾನು ತಮಾಷೆ ಮಾಡ್ತಿದ್ದೇನೆ ಅಂದುಕೊಂಡ. ಅಜ್ಜಿಯ ವಿಷಯ ಹೇಳಿದ ಮೇಲೆ ಸುಮ್ಮನಾದ. ಅವನ ಅಮ್ಮನೂ ಹೆದ್ದಾರಿ ದಾಟುವವಳೇ. ಸ್ವಲ್ಪ ಹೊತ್ತು ಇಬ್ಬರೂ ಬನ್ಸ್ ತಿಂದೆವು. ನನ್ನ ಮಣಿಕಟ್ಟು ಬಾತಿತ್ತು, ಗ್ಲಾಸು ಎಡಗೈಯಲ್ಲಿ ಹಿಡಿಯಬೇಕಾಯಿತು.

ಕೀಲಿ ಬದಲಾಯಿಸಿಕೊಂಡು ವಾಪಸು ಹೊರಟೆವು. ಮನೆಯ ಅಂಗಳದವರೆಗೆ ಅವನೂ ಬಂದ. ಆಯಿ ಅವನ ಬೈಕನ್ನು ಸುತ್ತ ತಿರುಗಿ ನೋಡಿ, "ತಮಾ, ಇದ್ರಲ್ಲಿ ಹಿಂದೆ ಕೂತ್ಕಂಬ್ಲೆ ಜಾಗವೇ ಇಲ್ಯಲೋ" ಅಂದಳು. ನಾನು ಅವಳ ಹಾಲಿನ ಕ್ಯಾನು ತೆಗೆದುಕೊಂಡು ಹಿಮಾಲಯನ್‌ಗೆ ಕಟ್ಟಿದೆ. ರಜೆ ಮುಗಿಯುವವರೆಗೂ ಡೈರಿಗೆ ನಾನೇ ಹೋದೆ.