ಗುಪ್ತಪದ ಭೇದನದ ಇತಿಹಾಸ: ಸಂಸ್ಥೆಗಳ ಹೊಣೆಯ ದೃಷ್ಟಿಯಿಂದ ಒಂದು ಅವಲೋಕನ

ಕಂಪ್ಯೂಟರ್ ಯುಗದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಯಂತ್ರಗಳ ವೇಗ, ಸ್ಮೃತಿಸಾಮರ್ಥ್ಯ ಮತ್ತು ಜಾಲಗಳ ವಿಸ್ತಾರವನ್ನು ಕುರಿತು ವಿವರಿಸುತ್ತಾರೆ. ಆ ಯಂತ್ರಗಳ ಬಾಗಿಲಿಗೆ ಹಾಕಿದ ಬೀಗದ ಚರಿತ್ರೆ ಅಷ್ಟಾಗಿ ಗಮನ ಸೆಳೆದಿಲ್ಲ. ಪಾಸ್‌ವರ್ಡ್ ಅಥವಾ ಗುಪ್ತಪದವೇ ಆ ಬೀಗ. ಅದನ್ನು ಊಹೆಯಿಂದಲೋ ಉಪಾಯದಿಂದಲೋ ಭೇದಿಸುವ ಪ್ರಯತ್ನವೂ ಹೆಚ್ಚುಕಡಿಮೆ ಅಷ್ಟೇ ಹಳೆಯದು. ಈ ಹಾದಿಯ ನಾಲ್ಕು ಘಟ್ಟಗಳನ್ನು ಪರಿಶೀಲಿಸಿ, ಸಂಸ್ಥೆಗಳು ಎಡವಿದ್ದು ಎಲ್ಲಿ ಎಂಬುದನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ನೇತೃತ್ವದಲ್ಲಿ ರೂಪುಗೊಂಡ ಸಿ.ಟಿ.ಎಸ್.ಎಸ್. ಎಂಬ ಕಾಲಹಂಚಿಕೆ ವ್ಯವಸ್ಥೆಯನ್ನು 1961ರ ನವೆಂಬರ್‌ನಲ್ಲಿ ಪ್ರದರ್ಶಿಸಲಾಯಿತು. ಒಂದೇ ಯಂತ್ರವನ್ನು ಹಲವರು ಏಕಕಾಲದಲ್ಲಿ ಬಳಸುವಾಗ ಒಬ್ಬರ ಕಡತ ಇನ್ನೊಬ್ಬರ ಕೈಸೇರದಿರಲೆಂದು ಪ್ರತಿಯೊಬ್ಬರಿಗೂ ಒಂದು ಗುಪ್ತಪದವನ್ನು ಕೊಡಲಾಯಿತು. ಆದರೆ ಎಲ್ಲರ ಗುಪ್ತಪದಗಳೂ ಒಂದೇ ಕಡತದಲ್ಲಿ, ಯಾರೂ ಓದಬಹುದಾದ ರೂಪದಲ್ಲಿಯೇ ಇದ್ದವು. ವಾರಕ್ಕೆ ನಾಲ್ಕು ಗಂಟೆಗಳ ಯಂತ್ರಸಮಯ ಮಾತ್ರ ಲಭ್ಯವಿದ್ದ ಅಲನ್ ಶೆರ್ ಎಂಬ ಸಂಶೋಧಕರು 1962ರಲ್ಲಿ ಆ ಕಡತವನ್ನು ಮುದ್ರಿಸುವಂತೆ ರಂಧ್ರಪತ್ರದ ಮೂಲಕ ಕೋರಿಕೆ ಸಲ್ಲಿಸಿದರು. ಯಂತ್ರವು ಅದನ್ನು ಮುದ್ರಿಸಿಕೊಟ್ಟಿತು. ಇಲ್ಲಿ ಬೀಗವನ್ನು ಒಡೆಯುವ ಪ್ರಮೇಯವೇ ಬರಲಿಲ್ಲ. ಬೀಗದಕೈಗಳ ಗೊಂಚಲೇ ದೊರೆತಿತ್ತು.

ಈ ದೋಷಕ್ಕೆ ಪರಿಹಾರವಾಗಿ ಗುಪ್ತಪದವನ್ನು ಹಿಮ್ಮರಳಿಸಲಾಗದ ಸಂಕೇತವಾಗಿ ಮಾರ್ಪಡಿಸಿ ಇಡುವ ಕ್ರಮ ಬಂದಿತು. ಬಳಕೆದಾರನು ಟೈಪು ಮಾಡಿದ ಪದವನ್ನು ಮತ್ತೆ ಅದೇ ರೀತಿ ಮಾರ್ಪಡಿಸಿ, ಎರಡು ಸಂಕೇತಗಳೂ ಹೊಂದಿದರೆ ಪ್ರವೇಶ ನೀಡಲಾಗುತ್ತದೆ. ಇಂತಹ ಸಂಕೇತವನ್ನು ಬಿಡಿಸಲಾಗದಿದ್ದರೂ ಊಹಿಸಿದ ಪದಗಳನ್ನು ಒಂದೊಂದಾಗಿ ಮಾರ್ಪಡಿಸಿ ಹೋಲಿಸಿ ನೋಡಬಹುದು. ಭೇದನವೆಂದರೆ ಮುಖ್ಯವಾಗಿ ಇದೇ. ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಅವರು 1979ರಲ್ಲಿ ಪ್ರಕಟಿಸಿದ ಪ್ರಬಂಧ ಈ ದೃಷ್ಟಿಯಿಂದ ಮಹತ್ವದ್ದು. ಅವರು ಸಂಗ್ರಹಿಸಿದ 3,289 ಗುಪ್ತಪದಗಳಲ್ಲಿ 2,831, ಅಂದರೆ ಶೇ. 86ರಷ್ಟು, ತೀರ ಚಿಕ್ಕವು ಇಲ್ಲವೇ ನಿಘಂಟು ಮತ್ತು ಹೆಸರುಗಳ ಪಟ್ಟಿಯಲ್ಲಿ ಸಿಗುವಂಥವು ಆಗಿದ್ದವು. ಹದಿನೈದು ಮಂದಿ ಒಂದೇ ಅಕ್ಷರವನ್ನು ಗುಪ್ತಪದವಾಗಿ ಇಟ್ಟುಕೊಂಡಿದ್ದರು! ಅವರು ಸೂಚಿಸಿದ ಪರಿಹಾರಗಳಲ್ಲಿ ಎರಡು ಗಮನಾರ್ಹ: ಮಾರ್ಪಾಡಿನ ಕ್ರಿಯೆಯನ್ನು ಉದ್ದೇಶಪೂರ್ವಕವಾಗಿ ನಿಧಾನಗೊಳಿಸುವುದು ಮತ್ತು ಪ್ರತಿ ಗುಪ್ತಪದಕ್ಕೂ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಬೆರೆಸುವುದು. ಈ ಬೆರಕೆಗೆ ಅವರು ಇಟ್ಟ ಹೆಸರು ‘ಉಪ್ಪು’. ಉಪ್ಪು ಬೆರೆತಾಗ ಇಬ್ಬರ ಗುಪ್ತಪದ ಒಂದೇ ಆಗಿದ್ದರೂ ಸಂಕೇತಗಳು ಸಾಮಾನ್ಯವಾಗಿ ಬೇರೆಯಾಗುತ್ತವೆ. ಭೇದಕನು ಒಮ್ಮೆ ಮಾಡಿದ ಲೆಕ್ಕವನ್ನು ಎಲ್ಲರಿಗೂ ಬಳಸಲಾಗುವುದಿಲ್ಲ.

ಮೂರನೆಯ ಘಟ್ಟದಲ್ಲಿ ಚರಿತ್ರೆಯ ಒಂದು ವಿಚಿತ್ರ ವ್ಯಂಗ್ಯವಿದೆ. 1988ರ ನವೆಂಬರ್ 2ರಂದು ಅಂತರಜಾಲದಲ್ಲಿ ತಾನೇ ತಾನಾಗಿ ಹರಡಿದ ಕ್ರಮವಿಧಿಯೊಂದು, ಆ ಕಾಲದ ಅಂದಾಜಿನಂತೆ, ಸುಮಾರು 6,000 ಯಂತ್ರಗಳನ್ನು ಬಾಧಿಸಿತು. ಅದರ ಕರ್ತೃ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಟ್ಯಾಪನ್ ಮಾರಿಸ್. ಮೇಲೆ ಹೆಸರಿಸಿದ ಮಾರಿಸ್ ಅವರ ಮಗ. ಆ ‘ಹುಳು’ ತಂತ್ರಾಂಶದ ಲೋಪಗಳ ಜೊತೆಗೆ ಗುಪ್ತಪದ ಭೇದನವನ್ನೂ ಬಳಸಿತು. ಬಳಕೆದಾರನ ಹೆಸರು, ತಿರುಗಿಸಿ ಬರೆದ ಹೆಸರು, ತಾನು ಹೊತ್ತು ತಂದಿದ್ದ 432 ಪದಗಳು, ಕೊನೆಗೆ ಯಂತ್ರದಲ್ಲಿಯೇ ಇದ್ದ ನಿಘಂಟು, ಹೀಗಿತ್ತು ಅದರ ಕ್ರಮ. ಸಂಕೇತಗಳ ಕಡತವನ್ನು ಯಾರು ಬೇಕಾದರೂ ಓದುವಂತೆ ಇಡುವುದು ಅಂದಿನ ರೂಢಿಯಾಗಿತ್ತು. ತಂದೆ ಒಂಬತ್ತು ವರ್ಷಗಳ ಹಿಂದೆ ಬರೆದಿಟ್ಟ ರೋಗನಿದಾನವನ್ನು ಸಂಸ್ಥೆಗಳು ಗಂಭೀರವಾಗಿ ಪರಿಗಣಿಸಿರಲಿಲ್ಲ. ಮಗನ ಕ್ರಮವಿಧಿ ಅದರ ಫಲವನ್ನು ತೋರಿಸಿತು.

ಆ ಪಾಠವನ್ನು ಎಲ್ಲರೂ ಕಲಿತರೆಂದು ಹೇಳಲಾಗದು. 2012ರಲ್ಲಿ ಲಿಂಕ್ಡ್‌ಇನ್ ಸಂಸ್ಥೆಯಿಂದ ಕಳವಾದ ಸುಮಾರು 65 ಲಕ್ಷ ಗುಪ್ತಪದ ಸಂಕೇತಗಳು ಬಹಿರಂಗಗೊಂಡವು. 2016ರಲ್ಲಿ ಅದೇ ಕಳವಿನ ಸುಮಾರು 11.7 ಕೋಟಿ ಖಾತೆಗಳ ವಿವರ ಮಾರಾಟಕ್ಕೆ ಬಂದಿತು. ಆ ಸಂಕೇತಗಳಿಗೆ ಉಪ್ಪು ಬೆರೆತಿರಲಿಲ್ಲ. ಬಳಸಿದ ಕ್ರಿಯೆಯೂ ನಿಧಾನದ್ದಾಗಿರಲಿಲ್ಲ. ಮೂವತ್ತಮೂರು ವರ್ಷಗಳ ಹಿಂದೆಯೇ ಪ್ರಕಟವಾಗಿದ್ದ ಪರಿಹಾರವು ಒಂದು ಸಂಪನ್ನ ಸಂಸ್ಥೆಯಲ್ಲಿ ಜಾರಿಗೆ ಬಂದಿರಲಿಲ್ಲ ಎಂಬುದು ಯೋಚಿಸಬೇಕಾದ ಸಂಗತಿ. ಒಂದೇ ಗುಪ್ತಪದವನ್ನು ಹಲವೆಡೆ ಬಳಸುವವರು ಅನೇಕರಿರುವುದರಿಂದ ಒಂದು ಸಂಸ್ಥೆಯ ಅಲಕ್ಷ್ಯವು ಇತರ ಸಂಸ್ಥೆಗಳ ಬಾಗಿಲನ್ನೂ ತೆರೆಯುತ್ತದೆ.

ಈ ನಾಲ್ಕೂ ಘಟನೆಗಳನ್ನು ಒಟ್ಟಿಗೆ ನೋಡಿದಾಗ ಒಂದು ಅಂಶ ಸ್ಪಷ್ಟವಾಗುತ್ತದೆ. ದುರ್ಬಲ ಪದವನ್ನು ಆರಿಸಿದ ಬಳಕೆದಾರನನ್ನು ದೂರುವುದು ಸುಲಭ. ಆದರೆ ಮನುಷ್ಯನ ಮರೆವು ಮತ್ತು ಅನುಕೂಲಪ್ರಿಯತೆ 1979ರಲ್ಲಿಯೇ ಅಂಕಿಅಂಶಗಳಿಂದ ಸಿದ್ಧವಾಗಿದ್ದವು. ಅವನ್ನು ಅರಿತು ವ್ಯವಸ್ಥೆಯನ್ನು ರೂಪಿಸುವುದು ಸಂಸ್ಥೆಯ ಹೊಣೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದನ್ನೇ ಒಪ್ಪಿದೆ. ಗುಪ್ತಪದವನ್ನು ಆಗಾಗ ಬದಲಿಸುವಂತೆ ಜನರನ್ನು ಒತ್ತಾಯಿಸದಿರಲು ಸಲಹೆ ನೀಡಿದ ಅದು, ಸುಲಭವಾಗಿ ಊಹಿಸಬಹುದಾದ ಪದಗಳನ್ನು ನಿರಾಕರಿಸುವ ಹಾಗೂ ಉಪ್ಪು ಬೆರೆಸಿ ಸಂರಕ್ಷಿಸುವ ಕರ್ತವ್ಯವನ್ನು ಸಂಸ್ಥೆಗೇ ವಹಿಸಿತು. ಗುಪ್ತಪದವು ಬಳಕೆದಾರನು ನಂಬಿಕೆಯಿಂದ ಒಪ್ಪಿಸಿದ ನ್ಯಾಸ. ನ್ಯಾಸವು ಕಳೆದುಹೋದಾಗ ಮೊದಲು ಉತ್ತರಿಸಬೇಕಾದವನು ಅದನ್ನು ಇಟ್ಟುಕೊಂಡವನೇ ಹೊರತು ಇಟ್ಟವನಲ್ಲ.