ಅಳಲೆಕಾಯಿ: ಹೊಟ್ಟೆಯ ಮದ್ದಾಗಿ ಬಂದ ಬಗೆ

ಅಳಲೆಕಾಯಿ ಕಾಂಬ್ರೆಟೇಸೀ ಕುಟುಂಬದ ಟರ್ಮಿನೇಲಿಯ ಚೆಬ್ಯುಲ ಮರದ ಫಲ; ಸಂಸ್ಕೃತದಲ್ಲಿ ಹರೀತಕೀ, ಅಭಯಾ, ಪಥ್ಯಾ. ಕರ್ನಾಟಕದ ಎಲೆಯುದುರುವ ಕಾಡುಗಳಲ್ಲಿ ಬೆಳೆಯುತ್ತದೆ. ಒಣಗಿದ ಕಾಯಿಯ ಮೈಮೇಲೆ ಉದ್ದಕ್ಕೆ ಐದು ಏಣುಗಳಿರುತ್ತವೆ, ಒಳಗೆ ಒಂದೇ ಗಟ್ಟಿ ಬೀಜ. ಮದ್ದಿಗೆ ಬೇಕಾದುದು ಬೀಜದ ಸುತ್ತಲಿನ ಭಾಗ. ಚೂರು ಕಚ್ಚಿದರೂ ನಾಲಗೆ ಜಡ್ಡುಗಟ್ಟುವಷ್ಟು ಒಗರು.

ಪಾಲಿ ವಿನಯಪಿಟಕದ ಮಹಾವಗ್ಗದಲ್ಲಿ ಕಾಯಿಲೆಬಿದ್ದ ಭಿಕ್ಷುಗಳಿಗೆ ಅನುಮತಿಸಿದ ಫಲೌಷಧಗಳ ಪಟ್ಟಿಯಿದೆ. ಅಳಲೆ, ತಾರೆ, ನೆಲ್ಲಿ ಮೂರೂ ಅದರಲ್ಲಿವೆ. ಮುಂದೆ ತ್ರಿಫಲಾ ಎಂದು ಒಂದಾದದ್ದು ಇವೇ. ಚರಕಸಂಹಿತೆಯ ಚಿಕಿತ್ಸಾಸ್ಥಾನ ಶುರುವಾಗುವುದು ಅಳಲೆ, ನೆಲ್ಲಿಗಳ ಹೆಸರು ಹೊತ್ತ ಅಭಯಾಮಲಕೀಯ ಪಾದದಿಂದ. 1890ರಲ್ಲಿ ಮಧ್ಯ ಏಷ್ಯದ ಕುಚಾದಲ್ಲಿ ಹ್ಯಾಮಿಲ್ಟನ್ ಬೋವರ್ ಕೈಸೇರಿದ ಹಸ್ತಪ್ರತಿಯಲ್ಲೂ ಹರೀತಕಿಗೆ ಬೇರೆಯೇ ಒಂದು ಅಧ್ಯಾಯ ಮೀಸಲು. ಟಿಬೆಟ್ಟಿನ ಚಿತ್ರಗಳಲ್ಲಿ ಭೈಷಜ್ಯ ಬುದ್ಧನ ಬಲಗೈಯಲ್ಲಿರುವುದು ಇದೇ ಗಿಡದ ರೆಂಬೆ. ಅರಬ್ ವೈದ್ಯರ ಮೂಲಕ ಕಾಯಿ ಯುರೋಪಿಗೂ ಹೋಯಿತು. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಗಾರ್ಸಿಯಾ ದ ಓರ್ತಾನ ಗ್ರಂಥದಲ್ಲಿ ಇದರ ಚರ್ಚೆಯಿದೆ.

ಅಳಲೆಯ ನಿಜವಾದ ಸ್ವಾರಸ್ಯ ಬಳಸುವ ಕ್ರಮದಲ್ಲಿದೆ. 16ನೇ ಶತಮಾನದ ಭಾವಪ್ರಕಾಶದ ಪ್ರಕಾರ ಅದನ್ನು ಅಗಿದು ತಿಂದರೆ ಹಸಿವು ಹೆಚ್ಚುತ್ತದೆ, ಅರೆದು ಕುಡಿದರೆ ಭೇದಿಯಾಗುತ್ತದೆ, ಬೇಯಿಸಿ ತಿಂದರೆ ಮಲ ಕಟ್ಟುತ್ತದೆ. ಒಂದೇ ಕಾಯಿ ಮಲಬದ್ಧತೆಗೂ ಅತಿಸಾರಕ್ಕೂ ಹೇಗಾದೀತು ಎಂಬ ಸಂಶಯಕ್ಕೆ ಹಳಬರು ಕೊಟ್ಟ ಉತ್ತರ ಇದು. ಋತುವಿಗೆ ತಕ್ಕ ಅನುಪಾನವೂ ಉಂಟು: ಮಳೆಗಾಲಕ್ಕೆ ಸೈಂಧವ ಲವಣ, ಹೇಮಂತಕ್ಕೆ ಶುಂಠಿ, ವಸಂತಕ್ಕೆ ಜೇನು, ಬೇಸಗೆಗೆ ಬೆಲ್ಲ. ಒಳ್ಳೆಯ ಕಾಯಿಯ ಪರೀಕ್ಷೆ ಸರಳ. ನೀರಿಗೆ ಹಾಕಿದರೆ ಮುಳುಗಬೇಕು. ಇಂದಿನ ರಸಾಯನಶಾಸ್ತ್ರ ಒಗರನ್ನೂ ಕಟ್ಟುವ ಗುಣವನ್ನೂ ಟ್ಯಾನಿನ್‌ಗಳಿಗೆ, ಭೇದಿಯ ಗುಣವನ್ನು ಆಂಥ್ರಾಕ್ವಿನೋನ್ ಸಂಯುಕ್ತಗಳಿಗೆ ಸಲ್ಲಿಸುತ್ತದೆ. ಆದರೆ ಬೇಯಿಸಿದ್ದಕ್ಕೂ ಅರೆದದ್ದಕ್ಕೂ ಶಾಸ್ತ್ರ ಹೇಳುವ ವ್ಯತ್ಯಾಸವನ್ನು ಇದೊಂದೇ ಪೂರ್ತಿ ವಿವರಿಸದು. ಬ್ರಿಟಿಷರ ಕಾಲದಲ್ಲಿ ಹಡಗು ಹಡಗಾಗಿ ಅಳಲೆ ವಿದೇಶಕ್ಕೆ ಹೋದದ್ದೂ ಟ್ಯಾನಿನ್‌ಗಾಗಿಯೇ, ಚರ್ಮ ಹದಮಾಡಲು.

ಕನ್ನಡ ಮನೆಗಳಲ್ಲಿ ಇದು ಅಜ್ಜಿಯ ಮದ್ದು. ಸಾಣೆಕಲ್ಲಿನ ಮೇಲೆ ನೀರು ಚಿಮುಕಿಸಿ ಬಜೆ, ಅಳಲೆಗಳನ್ನು ಒಂದೆರಡು ಸುತ್ತು ತೇಯ್ದು, ಹೊಟ್ಟೆಯುಬ್ಬರಕ್ಕೆ ಅಳುವ ಕೂಸಿನ ನಾಲಗೆಗೆ ಸವರುತ್ತಿದ್ದರು. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ ಎನ್ನುವ ಇಂದಿನ ಮಕ್ಕಳ ವೈದ್ಯರು ಇದನ್ನು ಒಪ್ಪುವುದಿಲ್ಲ. ಊರೂರು ತಿರುಗಿ ಬೇರು ನಾರು ಕೊಡುವವನಿಗೆ ಜನ ಇಟ್ಟ ಹೆಸರು ಅಳಲೆಕಾಯಿ ಪಂಡಿತ. ಅದರಲ್ಲಿ ಗೌರವಕ್ಕಿಂತ ಗೇಲಿಯೇ ಹೆಚ್ಚು. ಶಾಸ್ತ್ರಕಾರರಾದರೋ ಮಿತಿಯನ್ನೂ ಹೇಳಿದ್ದರು: ಬಸುರಿಯರು, ಬಡಕಲಾದವರು, ಉಪವಾಸದಿಂದ ಬಳಲಿದವರು, ಪಿತ್ತ ಹೆಚ್ಚಿದವರು ಅಳಲೆ ತಿನ್ನಬಾರದು.